ದೊಡ್ಡಬೀರಯ್ಯ ಬಿಟ್ಟ ಹದಿನೆಂಟು ಗೋಲು

೧೯೪೬ರ ಮಳೆಗಾಲದಲ್ಲಿ ಮದ್ದೂರಿನ ಶಿಂಷಾ ಫುಟ್‌ಬಾಲ್ ಕ್ಲಬ್ಬು ಹತ್ತು ಪಂದ್ಯ ಆಡಿತು. ಎರಡು ಗೆದ್ದಿತು, ಒಂದು ಸಮ ಮಾಡಿಕೊಂಡಿತು, ಏಳು ಸೋತಿತು. ಆರು ತಂಡಗಳ ಜಿಲ್ಲಾ ಷೀಲ್ಡಿನಲ್ಲಿ ಐದನೆಯ ಸ್ಥಾನ. ಹಿಂದಿನ ವರ್ಷ ಇದೇ ತಂಡ ಎರಡನೆಯದಾಗಿತ್ತು. ನಮ್ಮ ಮೇಲೆ ಬಿದ್ದ ಗೋಲು ಹತ್ತೊಂಬತ್ತು. ಅವುಗಳಲ್ಲಿ ಹದಿನೆಂಟು ದೊಡ್ಡಬೀರಯ್ಯ ಗೋಲು ಕಾಯುತ್ತಿದ್ದಾಗ ಬಿದ್ದವು. ಆ ಹದಿನೆಂಟರಲ್ಲಿ ಹದಿನೈದು, ಆಟದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ. ಈ ಪಟ್ಟಿ ಮಾಡಿದವನು ನಾನೇ. ಗಡಿಯಾರ ಹಿಡಿದು ಗೆರೆಯ ಪಕ್ಕ ಕೂತು ಬರೆದುಕೊಳ್ಳುವ ಕೆಲಸವನ್ನು ಕ್ಲಬ್ಬಿನವರು ಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಒಪ್ಪಿಸಿದ್ದರು.

ದೊಡ್ಡಬೀರಯ್ಯನಿಗೆ ಆಗ ಮೂವತ್ತೊಂದು ವರ್ಷ. ಆತಗೂರಿನ ಹತ್ತಿರದ ಒಂದು ಹಳ್ಳಿಯವನು. ಎತ್ತರ ಐದಡಿ ಹನ್ನೊಂದು ಅಂಗುಲ. ಚೆಂಡನ್ನು ಒಂದೇ ಅಂಗೈಯಲ್ಲಿ ಕವುಚಿ ಹಿಡಿಯುತ್ತಿದ್ದ. ಚೌಡಯ್ಯನವರ ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರದ ಮುಂದೆ ಅವನ ಕೆಲಸ. ಗಿರಣಿಯ ಹಿಂದಿನ ಲೈನ್ ಮನೆಗಳಲ್ಲಿ ಕೊನೆಯದರಲ್ಲಿ ಅವನೂ ಹೆಂಡತಿ ರೇವಮ್ಮನೂ ಇಬ್ಬರು ಹೆಣ್ಣುಮಕ್ಕಳೂ ಇದ್ದರು.

ಭತ್ತಕ್ಕೆ ಸರ್ಕಾರದ ಕಂಟ್ರೋಲ್ ಬಂದ ಮೇಲೆ ಗಿರಣಿಗೆ ವರ್ಷದಲ್ಲಿ ಆರು ತಿಂಗಳೂ ಕೆಲಸವಿರಲಿಲ್ಲ. ಕಾರ್ತಿಕದಲ್ಲಿ ಶುರುವಾಗಿ ಯುಗಾದಿ ಕಳೆಯುತ್ತಿದ್ದಂತೆ ಬೆಲ್ಟು ಬಿಚ್ಚಿ ಸುತ್ತಿಡುತ್ತಿದ್ದರು. ಆಗ ಆಳುಗಳೆಲ್ಲ ಊರಿಗೆ ಹೋಗಬೇಕು. ಹನ್ನೊಂದು ಜನ ಮಾತ್ರ ಉಳಿಯಬಹುದು. ಅವರು ಕ್ಲಬ್ಬಿನ ಆಟಗಾರರು, ಇಲ್ಲವೇ ಕ್ಲಬ್ಬಿಗೆ ಬೇಕಾದವರು. ಕ್ಲಬ್ಬಿನ ಅಧ್ಯಕ್ಷರೂ ಚೌಡಯ್ಯನವರೇ. ಅವರ ಷರತ್ತು ಒಂದೇ ಸಾಲಿನದು: "ಆಡೋ ಗಂಟ ಮನೆ, ಆಡೋ ಗಂಟ ಅನ್ನ." ಬೀರಯ್ಯನಿಗೆ ಊರಿನಲ್ಲಿ ಜಮೀನಿರಲಿಲ್ಲ. ರೇಷನ್ ಕಾರ್ಡಿದ್ದದ್ದು ಮದ್ದೂರಿನ ಈ ಲೈನ್ ಮನೆಯ ವಿಳಾಸಕ್ಕೆ. ಗೋಲುಗಂಬಗಳ ನಡುವೆ ನಿಂತಿರುವಷ್ಟು ಕಾಲ ಮಾತ್ರ ಮಕ್ಕಳಿಗೆ ಸೂರು.

ಮುಂದಿನ ಸಂಗತಿ ನನಗೆ ಗೊತ್ತಾದದ್ದು ತಡವಾಗಿ. ಆದರೂ ಇಲ್ಲೇ ಹೇಳುವುದು ಸರಿ.

೧೯೪೫ರ ಕೊನೆಯ ಪಂದ್ಯ ಮಂಡ್ಯದಲ್ಲಿ ಮಳವಳ್ಳಿಯವರ ಮೇಲೆ ನಡೆಯಿತು. ಸಮವಾಗಿದ್ದರೆ ಷೀಲ್ಡು ನಮ್ಮದು. ಮಳೆಯಲ್ಲಿ ನೆನೆದ ಚೆಂಡು ಬೀರಯ್ಯನ ಅಂಗೈಗಳ ನಡುವಿನಿಂದ ಜಾರಿ ಒಳಗೆ ಹೋಯಿತು. ಒದ್ದವನು ಮರಿಯಯ್ಯ, ರೇವಮ್ಮನ ತಮ್ಮ, ಎಂದರೆ ಬೀರಯ್ಯನ ಬಾಮೈದ. ಮಾರನೆಯ ದಿನ ಬೀರಯ್ಯ ನಡೆದುಕೊಂಡೇ ತನ್ನ ಹಳ್ಳಿಗೆ ಹೋಗಿ ಬೀರೇದೇವರ ಮುಂದೆ ಕೈಮುಗಿದು ನಿಂತ. ಷೀಲ್ಡು ಮದ್ದೂರಿಗೆ ಬರುವ ತನಕ ಹಾಲು, ಮೊಸರು, ತುಪ್ಪ ಮುಟ್ಟುವುದಿಲ್ಲ. ಕುರಿಕೋಳಿಯ ಬಾಡು ತಿನ್ನುವುದಿಲ್ಲ ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ರೇಷನ್ ಕಾಲದಲ್ಲಿ ಹಾಲು ಅವನ ಮನೆಗೆ ಬರುತ್ತಿದ್ದದ್ದೇ ಅಪರೂಪ, ಬಾಡು ವರ್ಷಕ್ಕೆ ನಾಲ್ಕು ಸಲ. ಇಲ್ಲದ್ದನ್ನು ಬಿಟ್ಟೆನೆಂದರೆ ದೇವರಿಗೆ ಮೋಸ ಮಾಡಿದ ಹಾಗೆ ಎಂದು ಅವನಿಗೆ ಅನ್ನಿಸಿತು. ತನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ದಿನವೂ ಸಿಗುವಂಥದ್ದೂ ಯಾವುದೆಂದು ಯೋಚಿಸಿ, ಸೊಪ್ಪನ್ನೂ ಸೇರಿಸಿದ. ನಾಲೆಯ ಏರಿಯ ಮೇಲೆ ಪುಕ್ಕಟೆಯಾಗಿ ಬೆಳೆಯುವ ಹೊನಗೊನ್ನೆ, ಗಿರಣಿಯ ಬೇಲಿಯ ನುಗ್ಗೆ, ಎಲ್ಲವನ್ನೂ ಬಿಟ್ಟ. ಅವತ್ತಿನಿಂದ ಮೂರು ಹೊತ್ತೂ ರಾಗಿಮುದ್ದೆ, ಹುರುಳಿ ಸಾರು. ಹರಕೆಯನ್ನು ಬಾಯಿಬಿಟ್ಟು ಹೇಳಿಕೊಂಡರೆ ಅದು ಹುಸಿಯಾಗುತ್ತದೆಂದು ಅವರ ಕಡೆಯ ನಂಬಿಕೆ. ಅಡಿಗೆ ಮಾಡುವ ರೇವಮ್ಮನಿಗೆ ಗೊತ್ತಿತ್ತು. ಬೇರೆ ಯಾರಿಗೂ ಇಲ್ಲ.

ಆ ವರ್ಷ ಕ್ಲಬ್ಬಿಗೆ ಮೈದಾನದ ಹೊರಗೂ ಯಾವುದೂ ನೆಟ್ಟಗಿರಲಿಲ್ಲ. ಚೆಂಡಿನೊಳಗಿನ ರಬ್ಬರ್ ಬ್ಲಾಡರಿಗೆ ಒಂಬತ್ತು ತೇಪೆ. ಹೊಸದು ಬೇಕೆಂದು ಬೆಂಗಳೂರಿಗೆ ಮೂರು ಕಾಗದ ಬರೆದರೂ ಉತ್ತರ ಬರಲಿಲ್ಲ. ಕಾರ್ಯದರ್ಶಿ ಪಾರ್ಥಸಾರಥಿಯವರು ತಾಲ್ಲೂಕು ಕಚೇರಿಯ ಗುಮಾಸ್ತರು. ಅವರ ವರ್ಗದ ಆರ್ಡರು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಅರ್ಧ ಮನಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು, ಅಥವಾ ಓಡುತ್ತಿರಲಿಲ್ಲ.

ಜುಲೈ ಹದಿನಾಲ್ಕರಂದು ಮಳವಳ್ಳಿಯ ಪಂದ್ಯಕ್ಕೆ ನಾವು ಮಧ್ಯಾಹ್ನ ಎರಡಕ್ಕೆ ಹೊರಟೆವು. ದಿಣ್ಣೆ ಬಂದ ಕಡೆಯಲ್ಲೆಲ್ಲ ಆಟಗಾರರು ಇಳಿದು ಬಸ್ಸು ತಳ್ಳಿದರು. ಐದಕ್ಕೆ ಶುರುವಾಗಬೇಕಿದ್ದ ಆಟ ಐದು ಮೂವತ್ತೈದಕ್ಕೆ ಶುರುವಾಯಿತು. ಮೊದಲರ್ಧದಲ್ಲಿ ಬೀರಯ್ಯ ತಡೆದ ಎರಡು ಹೊಡೆತಗಳಿಗೆ ಮಳವಳ್ಳಿಯವರೇ ಚಪ್ಪಾಳೆ ತಟ್ಟಿದರು. ಆರು ನಲವತ್ತೊಂದಕ್ಕೆ ಮರಿಯಯ್ಯ ಬಲಗಡೆಯಿಂದ ಒದ್ದ. ಬೀರಯ್ಯ ಕದಲಲೇ ಇಲ್ಲ. ಚೆಂಡು ಬಲೆಗೆ ಬಿದ್ದ ಸದ್ದಾದ ಮೇಲೆ ತಿರುಗಿದ. ಆರು ನಲವತ್ತೊಂಬತ್ತಕ್ಕೆ ಇನ್ನೊಂದು, ಅದೂ ಮರಿಯಯ್ಯನದೇ. ಆರು ಐವತ್ತೆರಡಕ್ಕೆ ಮೂರನೆಯದು.

ಆಟ ಮುಗಿದ ಮೇಲೆ ಮರಿಯಯ್ಯ ಓಡಿ ಬಂದ.

"ಬಾವ, ನಡೀರಿ ಮನೆಗೆ. ಅವ್ವ ಕೋಳಿ ಕುಯ್ಸವ್ಳೆ."

"ಬ್ಯಾಡ ಕಣಪ್ಪ. ಬಸ್ಸು ಒಂಟೋಯ್ತದೆ."

"ಇದ್ಲು ಕಾಯಾಕೇ ಇನ್ನೊಂದ್ ಗಂಟೆ ಬೇಕು, ಅದೆಲ್ಲಿಗ್ ಒಂಟೋದಾತು! ಗೋಲ್ ಹಾಕ್ದೆ ಅಂತ ಮನೆಗೂ ಬರಾಕಿಲ್ವಾ?"

ಬೀರಯ್ಯ ಬಸ್ಸು ಹತ್ತಿ ಕೂತ. ಮೆಟ್ಟಿಲು ಸಿಗದೆ ಎರಡು ಸಲ ಕಾಲು ಜಾರಿತು. ದುಃಖದಲ್ಲಿದ್ದಾನೆ ಎಂದುಕೊಂಡೆವು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಸುಮ್ಮನಿರಲಿಲ್ಲ.

"ಲೇ ಬೀರ, ಬಾಮೈದಂಗೆ ಎರಡ್ ಕೊಟ್ಟೆ. ಮೂರ್ನೇದು ಯಾರ್ಗ್ಲಾ, ಮಾವಂಗಾ?"

"ಅತ್ತೆಗೆ ಕಣ್ಲಾ. ಕೋಳಿ ಕುಯ್ದವ್ಳಲ್ಲ."

"ಅದ್ಕೇ ಕಣ್ಲಾ ಊಟಕ್ಕೋಗ್ನಿಲ್ಲ, ಜನ ನೋಡ್ತಾರೆ ಅಂತ. ಬುತ್ತಿ ಆಮೇಲ್ ಬತ್ತದೆ."

ಎಲ್ಲರೂ ನಕ್ಕರು. ಬೀರಯ್ಯನೂ ನಕ್ಕ, ಆದರೆ ಮಾತಾಡಿದವನು ಕೂತಿದ್ದ ಕಡೆಗೆ ಮುಖ ಮಾಡದೆ ನಕ್ಕ.

ಆಗಸ್ಟ್ ಹದಿನೆಂಟಕ್ಕೆ ಮಂಡ್ಯದಲ್ಲಿ ಒಂದಕ್ಕೆ ನಾಲ್ಕರಂತೆ ಸೋತೆವು. ಆ ನಾಲ್ಕರಲ್ಲಿ ಮೂರು ಕೊನೆಯ ಹದಿನೈದು ನಿಮಿಷದಲ್ಲಿ. ಎರಡು ದಿನದ ಮೇಲೆ ಗಿರಣಿಯ ಆಫೀಸಿನಲ್ಲಿ ಸಭೆ ಸೇರಿತು. ಬೀರಯ್ಯನನ್ನು ಕರೆದಿರಲಿಲ್ಲ. ಸೋಲಿಗೆ ಕಾರಣ ಏನೆಂದು ಚೌಡಯ್ಯನವರು ಕೇಳಿದರು. ನಾನು ನನ್ನ ಪಟ್ಟಿ ತೆಗೆದೆ. ಯಾವ ಗೋಲು ಎಷ್ಟನೆಯ ನಿಮಿಷದಲ್ಲಿ ಎಂದು ಒಂದೊಂದಾಗಿ ಓದಿದೆ. ನನ್ನ ಉದ್ದೇಶ, ಹುಡುಗರು ಕೊನೆಯಲ್ಲಿ ದಣಿಯುತ್ತಾರೆ, ಅವರ ಊಟ ಸಾಲದು ಎಂದು ತೋರಿಸುವುದು. ಓದಿ ಮುಗಿಸುವಷ್ಟರಲ್ಲಿ ಅದು ಬೇರೆ ಏನನ್ನೋ ತೋರಿಸಿಬಿಟ್ಟಿತ್ತು.

"ಇನ್ನೊಂದ್ ಸಲ ಓದಿ ಮೇಷ್ಟ್ರೆ," ಎಂದರು ಚೌಡಯ್ಯನವರು.

ಓದಿದೆ.

"ಎಲ್ಲಾ ಕೊನೇಲಿ, ಅಲ್ವಾ? ಬೆಳ್ಕಿರೋ ಗಂಟ ಉಲಿ ಅಂಗೆ ಆಡ್ತಾನೆ, ನಾಕು ಜನ ಬೇಸ್ ಅನ್ಲಿ ಅಂತ. ಮಬ್ಬಾಗ್ತಿದ್ದಂಗೆ ಬುಡ್ತಾನೆ, ಯಾರಿಗೂ ಕಾಣ್ದಿರ್ಲಿ ಅಂತ. ಒತ್ತು ನೋಡ್ಕೊಂಡು ಬುಡ್ತಾವ್ನೆ ಕಣ್ರಯ್ಯ!"

"ಹಾಗೆಂದು ಹೇಳಲಿಕ್ಕೆ ಆಧಾರ ಸಾಲದು, ಚೌಡಯ್ಯನವರೇ," ಎಂದರು ಪಾರ್ಥಸಾರಥಿಯವರು.

"ಆಧಾರ ಇನ್ನೇನ್ ಬೇಕು ಸೋಮಿ? ಬಿಎಸ್ಸಿ ಓದಿರೋ ಮೇಷ್ಟ್ರು ನಿಮಿಷ ನಿಮಿಷ ಬರ್ದವ್ರೆ."

ಪಟ್ಟಿಯ ಅರ್ಥ ಅದಲ್ಲ ಎಂದೆ. ಹಾಗಾದರೆ ಯಾವುದು ಎಂದು ಅವರು ಕೇಳಿದರು. ದಣಿವು ಎಂದೆ. ಗೋಲು ಕಾಯುವವನು ಓಡುವುದೇ ಇಲ್ಲ, ಅವನಿಗೆಂಥ ದಣಿವು ಎಂದರು. ಮಳವಳ್ಳಿಯವರ ಜೊತೆ ಕೊನೆಯ ಪಂದ್ಯ ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಮದ್ದೂರಿನಲ್ಲೇ ಇತ್ತು. ಅದರಲ್ಲೂ ಇದೇ ಆದರೆ ತಿಂಗಳು ಮುಗಿಯುವುದರೊಳಗೆ ಬೀರಯ್ಯ ಮನೆ ಖಾಲಿ ಮಾಡಬೇಕು ಎಂದು ತೀರ್ಮಾನವಾಯಿತು. ಅವನಿಗೆ ತಿಳಿಸಲು ಹೋದ ಪಾರ್ಥಸಾರಥಿಯವರು ಹಿಂತಿರುಗಿ ಬಂದು, "ಆಗ್ಲಿ ಸೋಮಿ ಅಂದ, ಅಷ್ಟೇ. ಒಂದು ಪ್ರಶ್ನೆ ಕೂಡ ಕೇಳಲಿಲ್ಲ," ಎಂದರು.

ನನ್ನ ಪಟ್ಟಿ ಸುಳ್ಳು ಹೇಳಿರಲಿಲ್ಲ. ಆದರೆ ನಾನು ಅದರಲ್ಲಿ ಗಡಿಯಾರದ ಹೊತ್ತು ಬರೆದಿದ್ದೆನೇ ಹೊರತು ಸೂರ್ಯನ ಹೊತ್ತು ಬರೆದಿರಲಿಲ್ಲ. ಇದು ಹೊಳೆಯಲು ಹತ್ತು ದಿನ ಹಿಡಿಯಿತು. ಪಟ್ಟಿಯಲ್ಲಿ ಒಂದು ಪಂದ್ಯ ಉಳಿದವುಗಳ ಜೊತೆ ಹೊಂದುತ್ತಿರಲಿಲ್ಲ. ಆಗಸ್ಟ್ ನಾಲ್ಕರಂದು ಮೈದಾನದಲ್ಲಿ ಸಂಜೆ ಬೇರೇನೋ ಸಭೆ ಇದ್ದುದರಿಂದ ಮೂರೂವರೆಗೇ ಆಟ ಶುರುಮಾಡಿ ಐದರೊಳಗೆ ಮುಗಿಸಿದ್ದೆವು. ಅವತ್ತು ಕೊನೆಯ ಇಪ್ಪತ್ತು ನಿಮಿಷದಲ್ಲಿ ಬೀರಯ್ಯ ನಾಲ್ಕು ಹೊಡೆತ ತಡೆದಿದ್ದ. ಒಂದು ಗೋಲೂ ಬಿದ್ದಿರಲಿಲ್ಲ. ಪಂಚಾಂಗ ತೆಗೆದು ಪ್ರತಿ ಪಂದ್ಯದ ದಿನದ ಸೂರ್ಯಾಸ್ತವನ್ನು ಪಕ್ಕದಲ್ಲಿ ಬರೆದೆ. ಜುಲೈ ಹದಿನಾಲ್ಕಕ್ಕೆ ಆರು ಐವತ್ತೊಂದು. ಮರಿಯಯ್ಯನ ಮೊದಲ ಗೋಲು ಅದಕ್ಕೆ ಹತ್ತು ನಿಮಿಷ ಮುಂಚೆ, ಮೋಡದಲ್ಲಿ. ಉಳಿದ ಗೋಲುಗಳೂ ಹಾಗೆಯೇ ಸಾಲಾಗಿ ಬಂದು ಕೂತವು.

ಸೆಪ್ಟೆಂಬರ್ ಒಂದರ ಸಂಜೆ ಲೈನ್ ಮನೆಗೆ ಹೋದೆ. ಬೀರಯ್ಯ ಹೊಸ್ತಿಲ ಮೇಲೆ ಕೂತಿದ್ದ. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಬೇಲಿಯ ನುಗ್ಗೆ ಎಲೆಗಳು ನನಗೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಎಲೆಅಡಿಕೆ ತೆಗೆದು ಅವನ ಮುಂದೆ ಹಿಡಿದೆ. ಅವನ ಕೈ ಒಂದು ಗೇಣು ಆಚೆಗೆ ಹೋಗಿ ಗಾಳಿಯನ್ನು ಹಿಡಿಯಿತು.

"ಎಷ್ಟು ದಿನದಿಂದ ಹೀಗೆ, ಬೀರಯ್ಯ?"

"ಎಂಗೆ, ಮೇಷ್ಟ್ರೆ?"

"ಸಂಜೆ ಕಾಣದೆ ಇರೋದು."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಒಳಗಿನಿಂದ ರೇವಮ್ಮ, "ಯೋಳ್ಬುಡಿ ಅತ್ಲಾಗೆ. ಮೇಷ್ಟ್ರೇನ್ ತಮಟೆ ಒಡ್ಸಾಕಿಲ್ಲ," ಎಂದಳು.

"ಯುಗಾದಿಯಿಂದ," ಎಂದ ಬೀರಯ್ಯ. "ಚಂದ್ರನ್ ನೋಡಾಕೆ ಎಲ್ರೂ ಬಯಲಿಗೋದ್ವಿ. ಎಲ್ರೂ ಅಗೋ ಅಗೋ ಅಂದ್ರು. ನಾನೂ ಅಗೋ ಅಂದೆ."

ಇದು ಇರುಳುಗಣ್ಣು ಎಂದೆ. ಗೊತ್ತು ಎಂದ. ಕುರಿಯ ಈಲಿ, ಎಂದರೆ ಯಕೃತ್ತು, ತಿಂದರೆ ವಾರದೊಳಗೆ ಹೋಗುತ್ತದೆ, ಅದಿಲ್ಲದಿದ್ದರೆ ಸೊಪ್ಪು, ತುಪ್ಪ ತಿಂದರೂ ತಿಂಗಳಲ್ಲಿ ಹೋಗುತ್ತದೆ, ಆಸ್ಪತ್ರೆಯಲ್ಲಿ ಮೀನೆಣ್ಣೆಯನ್ನೂ ಕೊಡುತ್ತಾರೆ ಎಂದೆ.

"ಈಲಿ ತಿಂದ್ರೆ ಓಯ್ತದೆ ಅಂತ ನಮ್ಮಜ್ಜಿಗೂ ಗೊತ್ತಿತ್ತು ಮೇಷ್ಟ್ರೆ. ಅದ್ಕೇ ಯಾರ್ಗೂ ಯೋಳಿಲ್ಲ. ಇರುಳ್ಗಣ್ಣು ಅಂದ್ರೆ ಸಾಕು, ಬೆಳಿಗ್ಗೆ ಲೈನಿನ ಎಂಗಸ್ರೆಲ್ಲ ಈಲಿ ಸುಟ್ಕೊಂಡ್ ಬತ್ತಾರೆ. ಯಾಕ್ ತಿನ್ನಾಕಿಲ್ಲ ಅಂದ್ರೆ ಏನ್ ಯೋಳ್ಲಿ?"

ನನಗೆ ಅರ್ಥವಾಗಲಿಲ್ಲ. ಆಗ ರೇವಮ್ಮ ಬಾಗಿಲ ಮರೆಯಲ್ಲಿ ನಿಂತು ಹರಕೆಯ ಸಂಗತಿ ಹೇಳಿದಳು. ಹರಕೆ ಹೊತ್ತವನ ಬಾಯಿಂದ ಬರದಿದ್ದರೆ ದೋಷವಿಲ್ಲ ಎಂದು ಅವಳೇ ಒಂದು ದಾರಿ ಮಾಡಿಕೊಂಡಳು. ಅವಳು ಹೇಳುವಷ್ಟು ಹೊತ್ತೂ ಬೀರಯ್ಯ ಕಿವಿ ಕೇಳಿಸದವನ ಹಾಗೆ ಬೇರೆ ಕಡೆ ನೋಡುತ್ತಿದ್ದ.

ನಾನು ಸ್ಕೂಲಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. "ನೋಡು. ಸೊಪ್ಪು ತಿನ್ನದೆ ನಿನಗೆ ಕಣ್ಣು ಬರುವುದಿಲ್ಲ. ಕಣ್ಣು ಬರದೆ ಷೀಲ್ಡು ಬರುವುದಿಲ್ಲ. ಷೀಲ್ಡು ಬರದೆ ನೀನು ಸೊಪ್ಪು ತಿನ್ನುವುದಿಲ್ಲ."

"ಆ ಲೆಕ್ಕವ ನಿಮ್ಗಿಂತ ಮುಂಚೇನೇ ಹಾಕಿದೀನಿ ಮೇಷ್ಟ್ರೆ. ಬೇರೆ ಏನಾರ ಇದ್ರೆ ಯೋಳಿ."

"ಗೋಲಿಗೆ ಬೇರೆಯವರನ್ನು ನಿಲ್ಲಿಸಿ ಅನ್ನು."

"ಆಟ ಬುಟ್ರೆ ಮನೆ ಬುಡ್ಬೇಕು."

"ಕಣ್ಣು ಕಾಣದು ಅಂತ ಯಜಮಾನರಿಗೆ ಹೇಳಲಾ?"

"ಯೋಳಿ. ಕುರುಡ್ನ ಗಿರಣೀಲಿ ಮಡಿಕತ್ತಾರಾ? ಈಗ ಬಾಮೈದಂಗೆ ಬುಟ್ಟ ಅಂತಾರೆ. ಕಳ್ಳ ಅಂದ್ರೂವೆ ಇನ್ನೊಂದ್ ಆಟದ ಗಂಟ ಮನೇಲಿರ್ಬೌದು. ಕುರುಡ ಅಂದ್ರೆ ನಾಳೇನೇ ಒಂಟೋಗ್ಬೇಕು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊನೆಯ ಪಂದ್ಯವನ್ನು ಬೇಗ ಶುರುಮಾಡಿಸುವುದೊಂದೇ ನನ್ನ ಕೈಲಿದ್ದ ದಾರಿ. ಸೆಪ್ಟೆಂಬರ್ ಇಪ್ಪತ್ತೆರಡರ ಸೂರ್ಯಾಸ್ತ ಆರು ಹದಿನೆಂಟಕ್ಕೆ. ನಾಲ್ಕೂವರೆಗೆ ಆಟ ಶುರುವಾದರೆ ಐದು ಐವತ್ತಕ್ಕೆ ಮುಗಿಯುತ್ತದೆ. ಇಪ್ಪತ್ತೆಂಟು ನಿಮಿಷ ಕೈಯಲ್ಲಿ ಉಳಿಯುತ್ತದೆ. ಮಳವಳ್ಳಿಯವರಿಗೆ ವಾಪಸು ಬಸ್ಸು ಸಿಗಲಿ ಎಂದು ಕಾರಣ ಕೊಟ್ಟು ಪಾರ್ಥಸಾರಥಿಯವರನ್ನು ಒಪ್ಪಿಸಿದೆ. ಅವರು ನೋಟೀಸು ಬರೆದು ಅಂಟಿಸಿದರು. ಹತ್ತನೆಯ ತಾರೀಕು ಅವರಿಗೆ ವರ್ಗದ ಆರ್ಡರು ಬಂತು. ಹದಿನೈದಕ್ಕೆ ಊರು ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಯ ಪಂದ್ಯಕ್ಕೆ ಒಬ್ಬ ಸಾಹೇಬರನ್ನು ಕರೆಸಿದರೆ ಕ್ಲಬ್ಬಿನ ಮಾನ ಸ್ವಲ್ಪವಾದರೂ ಉಳಿಯುತ್ತದೆಂದು ಚೌಡಯ್ಯನವರಿಗೆ ಅನ್ನಿಸಿತು.

ಅವತ್ತು ನಾಲ್ಕೂವರೆಗೆ ಎರಡೂ ತಂಡಗಳು ಸಾಲಾಗಿ ನಿಂತವು. ಸಾಹೇಬರು ಐದು ಗಂಟೆಗೆ ಬಂದರು. ಹಾರ ಹಾಕಿದ್ದಾಯಿತು, ಆಟಗಾರರ ಕೈ ಕುಲುಕಿದ್ದಾಯಿತು, ಕ್ರೀಡೆಯಿಂದ ಶಿಸ್ತು ಬರುತ್ತದೆ ಎಂದು ಹನ್ನೊಂದು ನಿಮಿಷ ಭಾಷಣವಾಯಿತು. ಆಟ ಶುರುವಾದದ್ದು ಐದು ಇಪ್ಪತ್ತಕ್ಕೆ. ಬೀರಯ್ಯ ಸಾಲಿನಲ್ಲಿ ನಿಂತು ಇಡೀ ಭಾಷಣದ ಹೊತ್ತು ಪಡುವಣ ಕಡೆಗೇ ನೋಡುತ್ತಿದ್ದ.

ಮೊದಲರ್ಧದಲ್ಲಿ ನಮ್ಮ ನಾಯಕ ಸಂಪತ್ ಕುಮಾರ ಎರಡು ಗೋಲು ಹಾಕಿದ. ಬೀರಯ್ಯ ಮರಿಯಯ್ಯನ ಮೂರು ಹೊಡೆತ ತಡೆದ; ಒಂದನ್ನು ಮೈಯೆಲ್ಲ ಅಡ್ಡಹಾಕಿ ಬೆರಳ ತುದಿಯಲ್ಲಿ. "ಬಾವನ ಮುಂದೆ ನಡೆಯಾಕಿಲ್ಲ ಕಣ್ಲಾ ಮರಿಯಾ!" ಎಂದು ನಮ್ಮ ಜನ ಕೂಗಿದರು. ಆರೂಕಾಲಿಗೆ ಮೈದಾನದ ಹುಲ್ಲು ಬೂದಿಬಣ್ಣಕ್ಕೆ ತಿರುಗಿತು. ಆರು ಇಪ್ಪತ್ತಕ್ಕೆ ಒಂದು ಗೋಲು ಬಿತ್ತು. ಆರು ಇಪ್ಪತ್ತಾರಕ್ಕೆ ಮರಿಯಯ್ಯ ಒಬ್ಬನೇ ಚೆಂಡು ತೆಗೆದುಕೊಂಡು ಬಂದ. ಅವನ ಬಲಗಾಲಿನ ಹತ್ತಿರ ಚೆಂಡಿದ್ದರೆ ಬೀರಯ್ಯ ಬಲಕ್ಕೆ ಬಾಗಿ ಕಾಯುತ್ತಿದ್ದ. ಮರಿಯಯ್ಯ ಒಂದು ಗಳಿಗೆ ಅವನ ಮುಖ ನೋಡಿದ್ದು ನನಗೆ ಕಾಣಿಸಿತು. ಆಮೇಲೆ ಚೆಂಡನ್ನು ಒದೆಯದೆ, ಮೆಲ್ಲಗೆ ತಳ್ಳಿದ. ಅದು ಉರುಳಿಕೊಂಡು ಬೀರಯ್ಯನ ಎಡಗಾಲಿನ ಪಕ್ಕದಲ್ಲೇ ಒಳಗೆ ಹೋಯಿತು.

ಮಗು ಹಿಡಿಯುವ ಚೆಂಡು ಅದು. ಜನ ಎದ್ದು ನಿಂತರು.

"ಬಾಮೈದಂಗೆ ತಟ್ಟೇಲಿಟ್ಟು ಕೊಡ್ತಾವ್ನೆ ನೋಡ್ರಲಾ!"

"ಎಳ್ಕಂಡ್ ಬರ್ರಲಾ ಆಚೆಗೆ!"

ಬೀರಯ್ಯ ಬಲೆಯ ಹತ್ತಿರ ಚೆಂಡು ಹುಡುಕಲಿಲ್ಲ. ಕೂಗು ಬಂದ ದಿಕ್ಕಿಗೆ ನಡೆಯತೊಡಗಿದ. ಎರಡು ಸಲ ದಿಕ್ಕು ತಪ್ಪಿದ. ಮರಿಯಯ್ಯ ಓಡಿ ಬಂದು ರಟ್ಟೆ ಹಿಡಿದು ಕುರ್ಚಿಗಳ ಮುಂದಕ್ಕೆ ಕರೆತಂದ.

"ಯಜಮಾನ್ರೆ," ಎಂದ ಬೀರಯ್ಯ, ಚೌಡಯ್ಯನವರ ಪಕ್ಕದ ಖಾಲಿ ಕುರ್ಚಿಗೆ ಕೈಮುಗಿದು. "ನಂಗೆ ಕಾಣಾಕಿಲ್ಲ. ಒತ್ತು ಮುಳುಗ್ತಿದ್ದಂಗೆ ಏನೂ ಕಾಣಾಕಿಲ್ಲ. ಯಾರ್ಗೂ ಬುಟ್ಕೊಟ್ಟಿಲ್ಲ ನಾನು."

"ಇಷ್ಟ್ ದಿವ್ಸ ಇಲ್ದೇ ಇರೋ ಕುರುಡು ಇವತ್ ಬಂತಾ?" ಎಂದರು ಚೌಡಯ್ಯನವರು. ಸೊಂಟದಿಂದ ಗಿರಣಿಯ ಬೀಗದಕೈ ಗೊಂಚಲು ತೆಗೆದು ಹುಲ್ಲಿನ ಮೇಲೆ ಹಾಕಿದರು. "ಎತ್ಕೊಡು."

ಗೊಂಚಲು ಅವನ ಕಾಲಿನಿಂದ ಎರಡು ಅಡಿ ದೂರದಲ್ಲಿತ್ತು. ಬೀರಯ್ಯ ಮಂಡಿಯೂರಿ ಹುಲ್ಲನ್ನು ಸವರಿದ. ಮುಂದಕ್ಕೆ ಸವರಿದ, ಎಡಕ್ಕೆ ಸವರಿದ. ಸುಮಾರು ನಲವತ್ತು ಸೆಕೆಂಡು. ಮಳವಳ್ಳಿಯವರೂ ನಮ್ಮವರೂ ಸುತ್ತ ನಿಂತಿದ್ದರು. ಕೊನೆಗೆ ಮರಿಯಯ್ಯ ಗೊಂಚಲನ್ನು ಎತ್ತಿ ಬೀರಯ್ಯನ ಕೈಯಲ್ಲಿಟ್ಟ.

ಸಂಪತ್ ಕುಮಾರ ಗೋಲಿನಲ್ಲಿ ನಿಂತ. ಮೂರನೆಯ ಗೋಲೂ ಬಿತ್ತು, ಸೋತೆವು. ಅದನ್ನು ಯಾರೂ ಗಮನಿಸಲಿಲ್ಲ.

ಆ ಸಂಜೆಯೇ ಗಿರಣಿಯ ಆಫೀಸಿಗೆ ಹೋಗಿ ಸೂರ್ಯಾಸ್ತದ ಹೊತ್ತು ಬರೆದ ಎರಡನೆಯ ಪಟ್ಟಿಯನ್ನು ಚೌಡಯ್ಯನವರ ಮುಂದಿಟ್ಟೆ. ಮೊದಲ ಪಟ್ಟಿಯನ್ನು ಓದಿದ್ದು ನನ್ನ ತಪ್ಪು ಎಂದೆ. ಅವರು ಅದನ್ನು ನೋಡಲಿಲ್ಲ.

"ಕಳ್ಳ ಅಲ್ಲ ಅಂತ ಆಯ್ತು ಮೇಷ್ಟ್ರೆ. ನಾಕು ಜನದ್ ಮುಂದೆ ನಾನೇ ಯೋಳ್ತೀನಿ. ಆದ್ರೆ ಕುರುಡ ಅಂತಾನೂ ಆಯ್ತಲ್ಲ. ಹಲ್ಲರ್ ಮುಂದೆ ಸಂಜೆ ಏಳರ ಗಂಟ ನಿಲ್ಲೋ ಕೆಲ್ಸ. ಬೆಲ್ಟಿಗೆ ಕೈ ಕೊಟ್ರೆ ರೇವಮ್ಮಂಗೆ ನೀವ್ ಉತ್ತರ ಯೋಳ್ತೀರಾ?"

ನವೆಂಬರ್ ಹನ್ನೊಂದಕ್ಕೆ ಗಿರಣಿ ಶುರುವಾಗುತ್ತದೆ, ಅಷ್ಟರಲ್ಲಿ ಕಣ್ಣು ಸರಿಮಾಡಿಕೊಂಡು ಇದೇ ಗೊಂಚಲನ್ನು ಇದೇ ಹೊತ್ತಿನಲ್ಲಿ ಎತ್ತಿಕೊಟ್ಟರೆ ಇರಲಿ, ಇಲ್ಲದಿದ್ದರೆ ಹೊರಡಲಿ ಎಂದರು. "ಅದೇನ್ ದೊಡ್ಡ ರೋಗಾನಾ? ಈಲಿ ತಿನ್ನು ಅನ್ನಿ."

ಬೀರಯ್ಯ ಹೇಳಿದ ಹಾಗೆಯೇ ಆಯಿತು. ಮಾರನೆಯ ಬೆಳಗ್ಗೆ ಲೈನಿನ ಹೆಂಗಸರು ಎಲೆಯಲ್ಲಿ ಸುತ್ತಿದ ಸುಟ್ಟ ಈಲಿ ತಂದರು. ಬಸ್ಸಿನಲ್ಲಿ ನಕ್ಕವರ ಮನೆಯಿಂದಲೂ ಬಂತು. ಬೀರಯ್ಯ ಎಲ್ಲರಿಗೂ ಕೈಮುಗಿದು ಆಮೇಲೆ ತಿನ್ನುತ್ತೇನೆಂದ. ಮಕ್ಕಳು ತಿಂದವು.

ಹರಕೆಯಿಂದ ಬಿಡುಗಡೆ ಕೇಳಲು ಅವನು ಸೋಮವಾರ ಹಳ್ಳಿಗೆ ಹೋದ. ಅವರ ಗುಡಿಯಲ್ಲಿ ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ; ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಕೂತ. ಎರಡೂ ಬೀಳಲಿಲ್ಲ. ಮುಂದಿನ ಸೋಮವಾರವೂ ಹೋದ. ಆಗಲೂ ಬೀಳಲಿಲ್ಲ. "ದೇವ್ರು ಬಾಯ್ ಬುಡಾಕಿಲ್ಲ ಅಂತಾನೆ, ನಾನೇನ್ ಮಾಡ್ಲಿ?" ಎಂದನಂತೆ ಪೂಜಾರಿ.

ಆವತ್ತು ಸಂಜೆ ಊಟಕ್ಕೆ ಕೂರುವಾಗ ರೇವಮ್ಮ ಬುಡ್ಡಿ ಹಚ್ಚಲು ಹೋದಳು. ಬೀರಯ್ಯ ಬೇಡವೆಂದ.

"ಇನ್ಮೇಲೆ ಒತ್ತು ಮುಳುಗಿದ್ ಮೇಲೆ ಉಣ್ತೀನಿ. ದೀಪ ಬ್ಯಾಡ. ಏನ್ ಬಡಿಸ್ತಿ ಅಂತ ನಾನ್ ಕೇಳಾಕಿಲ್ಲ. ನೀನೂ ಯೋಳ್ಬ್ಯಾಡ."

ಅವಳು ಬೆಳಗ್ಗೆ ಎದ್ದು ನೀರಿಗೆ ಹೋಗುವವಳ ಹಾಗೆ ನನ್ನ ಮನೆಗೆ ಬಂದು, ಯಾವ ಸೊಪ್ಪು, ಎಷ್ಟು, ಜೊತೆಗೆ ಏನು ಎಂದು ಕೇಳಿಕೊಂಡು ಹೋದಳು. ಹೊನಗೊನ್ನೆ, ನುಗ್ಗೆ, ಮೇಲೆ ಒಂದು ಚಮಚ ತುಪ್ಪ ಎಂದೆ. ತುಪ್ಪವನ್ನು ನನ್ನ ಹೆಂಡತಿ ಸರಸಮ್ಮ ಕೊಟ್ಟಳು. ಹಗಲಿನ ಎರಡು ಊಟ ಹರಕೆಯ ಊಟವೇ, ಮುದ್ದೆ ಮತ್ತು ಹುರುಳಿ ಸಾರು. ಸಂಜೆಯ ಊಟವನ್ನು ಅವನು ತಲೆ ತಗ್ಗಿಸಿ, ರುಚಿಯ ಬಗ್ಗೆ ಒಂದು ಮಾತಾಡದೆ, ಬೇಗ ಬೇಗ ಉಂಡು ಏಳುತ್ತಿದ್ದ.

ಅಕ್ಟೋಬರಿನಲ್ಲಿ ಪ್ರತಿ ಭಾನುವಾರ ನಾನು ಅವನ ಕಣ್ಣನ್ನು ಅಳೆದೆ. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಅಂಗಳದಲ್ಲಿ ನಿಂತು ಬೆರಳು ತೋರಿಸುವುದು, ಅವನು ಎಣಿಸಿ ಹೇಳುವುದು. ಆರನೆಯ ತಾರೀಕು ಎರಡು ಅಡಿಯಿಂದ ಎಣಿಸಿದ. ಹದಿಮೂರಕ್ಕೆ ಐದು ಅಡಿ. ಇಪ್ಪತ್ತಕ್ಕೆ ಹನ್ನೊಂದು. ಸಂಖ್ಯೆ ಹೆಚ್ಚಿದ ಹಾಗೆಲ್ಲ ನನಗೆ ಸಂತೋಷವಾಗುತ್ತಿತ್ತು. ರೇವಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ಇರಲಿಲ್ಲ. ಏಕೆಂದು ನಾನು ಯೋಚಿಸಲಿಲ್ಲ.

ಇಪ್ಪತ್ತೇಳನೆಯ ತಾರೀಕು ಹದಿನೆಂಟು ಅಡಿಯಿಂದ ನಾಲ್ಕು ಬೆರಳು ಎಂದು ತಪ್ಪಿಲ್ಲದೆ ಹೇಳಿದ. "ಸಾಕು, ಗೊಂಚಲಲ್ಲ, ಸೂಜಿ ಎಸೆದರೂ ಎತ್ತಿಕೊಡುತ್ತಿ," ಎಂದೆ. ಅವನು ನಗುತ್ತಾ ಒಳಗೆ ಹೋಗಿ ಊಟಕ್ಕೆ ಕೂತ. ನಾನು ಅಂಗಳದಲ್ಲೇ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಮನೆಯ ಬಾಗಿಲು ಪಡುವಣಕ್ಕೆ. ಮುಳುಗಿದ ಸೂರ್ಯನ ಕೆಂಪು ಇನ್ನೂ ನೇರವಾಗಿ ಒಳಗೆ ಬೀಳುತ್ತಿತ್ತು. ರೇವಮ್ಮ ಎಂದಿನ ಹಾಗೆ ಬಡಿಸಿದಳು. ಬೀರಯ್ಯ ಮುದ್ದೆ ಮುರಿದ; ಅದ್ದಲು ಹೋದ ಕೈ ಅಲ್ಲೇ ನಿಂತಿತು. ತಟ್ಟೆಯನ್ನೇ ನೋಡುತ್ತಿದ್ದ. ಎಷ್ಟೋ ದಿನದಿಂದ ಉಣ್ಣುತ್ತಿದ್ದದ್ದು ಅವನಿಗೆ ಅವತ್ತು ಕಾಣಿಸಿತು. ಸೌಟು ಹಿಡಿದ ರೇವಮ್ಮನೂ ಅಲುಗಾಡಲಿಲ್ಲ. ಮಕ್ಕಳಿಬ್ಬರೂ ಅಪ್ಪನ ಮುಖ, ಅವ್ವನ ಮುಖ ನೋಡಿದವು.

ಎದ್ದುಬಿಡುತ್ತಾನೆ ಎಂದುಕೊಂಡೆ. ಅಥವಾ ತುತ್ತು ಬಾಯಿಗಿಡುತ್ತಾನೆ. ಎರಡೂ ಆಗದೆ ಎಷ್ಟು ಹೊತ್ತು ಕಳೆಯಿತೋ, ಆ ಸಲ ನಾನು ಗಡಿಯಾರ ನೋಡಲಿಲ್ಲ.

"ಕದ ಹಾಕು," ಎಂದ ಬೀರಯ್ಯ.

"ಹಾಕಿದ್ರೆ ಒಳಗೇನೂ ಕಾಣಾಕಿಲ್ಲ," ಎಂದಳು ರೇವಮ್ಮ.

"ಅದ್ಕೇ ಯೋಳಿದ್ದು."

ಅವಳು ಕದ ಹಾಕಿದಳು.

ನವೆಂಬರ್ ಹನ್ನೊಂದರ ಸಂಜೆ ಚೌಡಯ್ಯನವರು ಗಿರಣಿಯ ಅಂಗಳದಲ್ಲಿ ಗೊಂಚಲು ಎಸೆದರು. ಅದು ನೆಲಕ್ಕೆ ಬೀಳುವ ಮೊದಲೇ ಬೀರಯ್ಯ ಹಿಡಿದ. ಎಲ್ಲರೂ ನಕ್ಕರು, ಚೌಡಯ್ಯನವರು ಎಲ್ಲರಿಗಿಂತ ಜೋರಾಗಿ. ಜೂನಿನಲ್ಲಿ ಗೋಲಿಗೂ ಅವನೇ ಎಂದು ಅಲ್ಲೇ ಹೇಳಿದರು. ಮನೆ ಉಳಿಯಿತು, ರೇಷನ್ ಕಾರ್ಡು ಉಳಿಯಿತು. ಷೀಲ್ಡು ಮಳವಳ್ಳಿಯಲ್ಲೇ ಇತ್ತು.

ಮುಂದಿನ ವರ್ಷದ ಬೇಸಿಗೆ ಬಹಳ ಸುಡುಬೇಸಿಗೆ. ತಗಡಿನ ಸೂರಿನ ಕೆಳಗೆ ಕೂರಲಾರದೆ ಲೈನಿನ ಹನ್ನೊಂದು ಮನೆಯವರೂ ಸಂಜೆ ತಟ್ಟೆ ಹಿಡಿದು ಅಂಗಳಕ್ಕೆ ಬಂದು, ಗಾಳಿಗೆ ಕೂತು, ಒಬ್ಬರ ತಟ್ಟೆ ಒಬ್ಬರು ನೋಡಿಕೊಂಡು ಉಣ್ಣುತ್ತಿದ್ದರು. ರೇವಮ್ಮನೂ ಮಕ್ಕಳೂ ಅಲ್ಲೇ ಇರುತ್ತಿದ್ದರು. ಕೊನೆಯ ಮನೆಯ ಕದ ಮಾತ್ರ ಹಾಕಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಬೀರಯ್ಯ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಖಾಲಿ ತಟ್ಟೆಯನ್ನು ತಾನೇ ತೊಳೆದು ಬೋರಲು ಹಾಕುತ್ತಿದ್ದ.